ಉಣ್ಣೆ, ಚಿಗಟಕ್ಕೆ ಬೇವು ಸಾಕಾ, ಮಾತ್ರೆ ಬೇಕಾ?

ನಾಯಿಗೆ ಉಣ್ಣೆ ಆಗಿದೆ ಅಂತ ಒಂದು ಮಾತು ಹೇಳಿ ನೋಡಿ, ಎದುರಿಗಿದ್ದವರ ಹತ್ತಿರ ಒಂದು ಮದ್ದು ಇದ್ದೇ ಇರುತ್ತದೆ. ಅಜ್ಜಿ ಬೇವಿನ ಸೊಪ್ಪು ಅರೆದು ಹಚ್ಚು ಅನ್ನುತ್ತಾರೆ. ಹಾಲು ಹಾಕುವವರು ಹಸುವಿಗೆ ಬಳಿಯುವ ಉಣ್ಣೆ ಔಷಧಿ ಬ್ಯುಟಾಕ್ಸ್ ಸ್ವಲ್ಪ ಉಳಿದಿದೆ, ಕೊಡ್ತೀನಿ ಅನ್ನುತ್ತಾರೆ. ಪಕ್ಕದ ಮನೆಯವರದು ಕೊಬ್ಬರಿ ಎಣ್ಣೆಗೆ ಕರ್ಪೂರ. ಇನ್ಯಾರದೋ ಆಪಲ್ ಸೈಡರ್ ವಿನೆಗರ್. ಸೀಮೆಎಣ್ಣೆ ಅನ್ನುವವರೂ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಇವೆಲ್ಲ ಒಂದೇ ತೂಕದವಲ್ಲ. ಕೆಲವು ನಿಜವಾಗಿ ಕೆಲಸ ಮಾಡುತ್ತವೆ, ಆದರೆ ನಾವು ಹಚ್ಚುವ ಜಾಗದಲ್ಲಿ ಅಲ್ಲ. ಕೆಲವು ಸುಮ್ನೆ ಮನಸ್ಸಿನ ಸಮಾಧಾನಕ್ಕೆ. ಒಂದೆರಡು ಪ್ರಾಣಕ್ಕೇ ಕುತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮನೆಮದ್ದು ಮನೆಗೆ ಮತ್ತು ಅಂಗಳಕ್ಕೆ ಒಳ್ಳೆಯದು. ಚಿಗಟಕ್ಕೂ ತಕ್ಕಮಟ್ಟಿಗೆ ಆಗುತ್ತದೆ. ನಾಯಿಯ ಮೈಮೇಲಿನ ಉಣ್ಣೆಗೆ ಮಾತ್ರ ದುಡ್ಡು ಕೊಟ್ಟು ಔಷಧಿ ತನ್ನಿ.

ಮೊದಲು, ಇರುವುದು ಯಾವುದು ಅಂತ ನೋಡಿ

ಎರಡಕ್ಕೂ ಒಂದೇ ಮದ್ದು ಕೇಳುತ್ತೇವಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಚಿಗಟ ಕೀಟ. ಆರು ಕಾಲು, ಕಂದು ಬಣ್ಣ, ಪಕ್ಕದಿಂದ ಚಪ್ಪಟೆ, ಕೂದಲ ನಡುವೆ ಸರಸರ ಓಡುತ್ತದೆ, ಹಿಡಿಯಲು ಹೋದರೆ ನೆಗೆಯುತ್ತದೆ. ಉಣ್ಣೆ, ಅಂದರೆ ಮಲೆನಾಡಿನವರು ಉಣುಗು ಅನ್ನುವುದು, ಜೇಡದ ಕಡೆಯ ನೆಂಟ. ದೊಡ್ಡದಾದ ಮೇಲೆ ಎಂಟು ಕಾಲು. ನೆಗೆಯುವುದಿಲ್ಲ, ಹಾರುವುದಿಲ್ಲ. ಬಾಯಿ ಊರಿ ಕೂತಲ್ಲೇ ದಿನಗಟ್ಟಲೆ ಕೂತು ರಕ್ತ ಕುಡಿದು ಹರಳು ಬೀಜದ ಹಾಗೆ ಉಬ್ಬುತ್ತದೆ.

ಚಿಗಟ ಕಣ್ಣಿಗೆ ಬೀಳದೆ ನಾಯಿ ಬರೀ ಕೆರೆದುಕೊಳ್ಳುತ್ತಿದ್ದರೆ ಹೀಗೆ ಮಾಡಿ. ಬಾಲದ ಬುಡದ ಹತ್ತಿರ ಸೀರಣಿಗೆಯಲ್ಲಿ ಬಾಚಿ. ಹೇನು ತೆಗೆಯುವ ಅದೇ ಒತ್ತು ಹಲ್ಲಿನ ಬಾಚಣಿಗೆ. ಬಂದ ಕಪ್ಪು ಪುಡಿಯನ್ನು ಒದ್ದೆ ಟಿಶ್ಯೂ ಮೇಲೆ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಸುತ್ತಲೂ ಕೆಂಪು ಬಣ್ಣ ಬಿಟ್ಟುಕೊಂಡರೆ ಅದು ಚಿಗಟದ ಹಿಕ್ಕೆ, ನಿಮ್ಮ ನಾಯಿಯದೇ ಜೀರ್ಣವಾದ ರಕ್ತ. ಬಣ್ಣ ಬಿಡದಿದ್ದರೆ ಬರೀ ಮಣ್ಣು.

ಉಣ್ಣೆ ಹುಡುಕುವ ಜಾಗ ಬೇರೆ. ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕತ್ತುಪಟ್ಟಿಯ ಕೆಳಗೆ, ಕಂಕುಳು, ಬಾಲದ ಅಡಿ. ನಾಯಿಯನ್ನು ಬೆಳಕಿರುವ ಕಡೆ ಮಲಗಿಸಿ, ಪಾದವನ್ನು ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಎಳ್ಳಿಗಿಂತ ಚಿಕ್ಕ ಮರಿಗಳು ಅಲ್ಲೇ ಗುಂಪಾಗಿ ಕೂತಿರುತ್ತವೆ. ಹೊಟ್ಟೆ ಬೆನ್ನು ಸವರಿ "ಏನಿಲ್ಲ" ಅನ್ನುವವರು ಜಾಸ್ತಿ, ಬೆರಳ ಸಂದಿ ನೋಡುವವರು ಕಡಿಮೆ.

ಇನ್ನು ಮುಖ್ಯ ವಿಷಯ. ಚಿಗಟ ನಾಯಿಯ ಮೈಮೇಲೇ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆ ಅಂಟುವುದಿಲ್ಲ, ಉದುರಿ ನೆಲ, ಹಾಸಿಗೆ, ಸೋಫಾ ಸೇರುತ್ತದೆ. ಮೊಟ್ಟೆ, ಮರಿಹುಳು, ಮರಿಹುಳು ತನ್ನ ಸುತ್ತ ಕಟ್ಟಿಕೊಳ್ಳುವ ಗೂಡು ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ನೂರಕ್ಕೆ 95ರಷ್ಟು ಇರುವುದು ಮನೆಯಲ್ಲಿ, ನಾಯಿಯ ಮೇಲಲ್ಲ. ನಮ್ಮ ನಾಯಿಗಳಿಗೆ ಸಾಮಾನ್ಯವಾಗಿ ಹತ್ತುವ ಕಂದು ಉಣ್ಣೆಯೂ ಹಾಗೇ. ಹುಟ್ಟಿದ ಮರಿ ಒಮ್ಮೆ, ಸ್ವಲ್ಪ ಬೆಳೆದ ಮೇಲೆ ಒಮ್ಮೆ, ದೊಡ್ಡದಾದ ಮೇಲೆ ಒಮ್ಮೆ ನಾಯಿಯನ್ನು ಹತ್ತುತ್ತದೆ, ಪ್ರತಿ ಸಲ ಹೊಟ್ಟೆ ತುಂಬಿದ ಮೇಲೆ ಇಳಿದು ಹೋಗುತ್ತದೆ. ಕೊನೆಗೆ ಹೆಣ್ಣುಣ್ಣೆ ಗೋಡೆ ಹತ್ತಿ ಯಾವುದಾದರೂ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಮೇಲಕ್ಕೆ ಹತ್ತುವುದು ಅದರ ಸ್ವಭಾವ, ಹಾಗಾಗಿ ನಾಯಿ ಮನೆಯ ಸೂರು, ಕಿಟಕಿ ಗ್ರಿಲ್‌ನ ಸಂದಿ, ಫೋಟೋದ ಹಿಂಭಾಗ, ಸ್ವಿಚ್ ಬೋರ್ಡಿನ ಅಂಚು ಎಲ್ಲವನ್ನೂ ನೋಡಬೇಕು. ತಿಂಗಳುಗಟ್ಟಲೆ ಏನೂ ತಿನ್ನದೆ ಬದುಕುತ್ತದೆ ಬೇರೆ.

ಮೈಗೆ: ಬೇವು, ಎಣ್ಣೆ, ವಿನೆಗರ್, ಅಂಗಡಿ ಔಷಧಿ

ಬೇವು ಸುಳ್ಳಲ್ಲ. ಅದರಲ್ಲಿರುವ ಅಜಾಡಿರಾಕ್ಟಿನ್ ಅನ್ನುವ ಅಂಶ ಮರಿಹುಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಆದರೆ ಅದು ಜಾಸ್ತಿ ಇರುವುದು ಬೀಜದಲ್ಲಿ, ಸೊಪ್ಪಿನಲ್ಲಿ ಬಹಳ ಕಡಿಮೆ. ಬಿಸಿಲು ಬಿದ್ದರೆ ಬೇಗ ಹಾಳೂ ಆಗುತ್ತದೆ. ಸೊಪ್ಪು ಕುದಿಸಿದ ನೀರಲ್ಲಿ ಸ್ನಾನ ಮಾಡಿಸಿದರೆ ಚರ್ಮಕ್ಕೆ ಹಿತ, ನವೆ ಸ್ವಲ್ಪ ಇಳಿಯಬಹುದು. ಆಗಲೇ ಬಾಯಿ ಊರಿ ಕೂತ ಉಣ್ಣೆ ಅದಕ್ಕೆಲ್ಲ ಕ್ಯಾರೇ ಅನ್ನುವುದಿಲ್ಲ. ಬೇವಿನ ಎಣ್ಣೆ ಸೊಪ್ಪಿಗಿಂತ ಗಟ್ಟಿ. ನೀರಿಗೆ ಸುಮ್ನೆ ಹಾಕಿದರೆ ಮೇಲೆ ತೇಲುತ್ತದೆ, ಅಂಟುವಾಳದ ನೊರೆ ಅಥವಾ ಸ್ವಲ್ಪ ಶಾಂಪೂ ಸೇರಿಸಿ ಕಲಕಿದರೆ ಬೆರೆಯುತ್ತದೆ. ತೆಳುವಾಗಿ ಮಾಡಿ, ಮೊದಲು ಒಂದು ಚಿಕ್ಕ ಜಾಗಕ್ಕೆ ಹಚ್ಚಿ ನೋಡಿ, ಒಣಗುವ ತನಕ ನೆಕ್ಕಲು ಬಿಡಬೇಡಿ. ನೆಕ್ಕಿದರೆ ಜೊಲ್ಲು ಸುರಿಸುತ್ತದೆ, ವಾಂತಿ ಮಾಡುತ್ತದೆ. ಬೆಕ್ಕಿಗೆ ಬೇವಿನ ಎಣ್ಣೆ ಬೇಡ, ಅದು ಮೈ ನೆಕ್ಕದೆ ಇರುವ ಪ್ರಾಣಿಯಲ್ಲ.

ಕೊಬ್ಬರಿ ಎಣ್ಣೆ, ಅರಿಶಿನ, ವ್ಯಾಸಲೀನ್ ಹಚ್ಚಿ ಉಸಿರು ಕಟ್ಟಿಸುತ್ತೇವೆ ಅನ್ನುವವರಿದ್ದಾರೆ. ಉಣ್ಣೆ ಗಂಟೆಗೆ ಕೆಲವೇ ಸಲ ಉಸಿರಾಡುವ ಜೀವಿ. ಅದಕ್ಕೆ ಉಸಿರು ಕಟ್ಟುವ ಹೊತ್ತಿಗೆ ರೋಗ ದಾಟಿಸಿ ಆಗಿರುತ್ತದೆ. ಅದಕ್ಕಿಂತ ಕೆಟ್ಟದ್ದು, ಕಿರಿಕಿರಿ ಮಾಡಿದರೆ ಅದು ಹೊಟ್ಟೆಯೊಳಗಿನದನ್ನು ಗಾಯದೊಳಗೇ ಕಕ್ಕಬಹುದು. ಊದುಬತ್ತಿಯಿಂದ ಸುಡುವುದು, ಬೆಂಕಿಕಡ್ಡಿ ತಾಗಿಸುವುದು, ಸ್ಪಿರಿಟ್ ಸುರಿಯುವುದು ಎಲ್ಲದಕ್ಕೂ ಇದೇ ಉತ್ತರ.

ವಿನೆಗರ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಚಿಗಟ ಸಾಯುವುದಿಲ್ಲ, ನಾಯಿ ಉಪ್ಪಿನಕಾಯಿ ವಾಸನೆ ಹೊಡೆಯುತ್ತದೆ, ಕೆರೆದು ಗಾಯವಾಗಿದ್ದರೆ ಉರಿಯುತ್ತದೆ.

ಮನೆಯಲ್ಲೇ ಆಗುವ, ಖರ್ಚಿಲ್ಲದ, ನಿಜವಾಗಿ ಕೆಲಸ ಮಾಡುವ ಎರಡು ದಾರಿ ಇವೆ, ಅವಕ್ಕೆ ಯಾರೂ ಮದ್ದು ಅನ್ನುವುದಿಲ್ಲ ಅಷ್ಟೇ. ಚಿಗಟಕ್ಕೆ ಸೀರಣಿಗೆ ಮತ್ತು ನೊರೆ ಸ್ನಾನ. ಸ್ನಾನ ಮಾಡಿಸುವಾಗ ಮೊದಲು ಕತ್ತಿನ ಸುತ್ತ ನೊರೆ ಕಟ್ಟಿ, ಇಲ್ಲದಿದ್ದರೆ ನೀರು ಬಿದ್ದ ತಕ್ಷಣ ಎಲ್ಲ ಕಿವಿ, ಮುಖದ ಕಡೆ ಓಡುತ್ತವೆ. ಸೋಪಿನ ನೀರಲ್ಲಿ ಚಿಗಟ ತೇಲಲಾರದೆ ಮುಳುಗುತ್ತದೆ. ಬಾಚಿದಾಗ ಸಿಕ್ಕವನ್ನೂ ಅದೇ ನೀರಿಗೆ ಅದ್ದಿ. ಉಣ್ಣೆ ಮಾತ್ರ ಸ್ನಾನದಲ್ಲಿ ಸಾಯುವುದಿಲ್ಲ, ಅದಕ್ಕೆ ಕೈಯೇ ಗತಿ. ಹುಬ್ಬು ಕೀಳುವ ಚೂಪಾದ ಪ್ಲಕ್ಕರ್ ತಗೊಳ್ಳಿ. ಉಬ್ಬಿದ ಹೊಟ್ಟೆ ಹಿಡಿಯಬೇಡಿ, ಚರ್ಮಕ್ಕೆ ತಾಗಿದ ಹಾಗೆ ತಲೆಯ ಹತ್ತಿರ ಹಿಡಿದು ತಿರುಚದೆ, ಜಗ್ಗಾಡದೆ ನೇರ ಮೇಲಕ್ಕೆ ಎಳೆಯಿರಿ. ಉಗುರಲ್ಲಿ ಚಿವುಟಬೇಡಿ, ಕಲ್ಲಲ್ಲಿ ಜಜ್ಜಬೇಡಿ. ಕಿತ್ತ ಉಣ್ಣೆ ಸೋಪಿನ ನೀರಲ್ಲಿ ಬೇಗ ಸಾಯುವುದಿಲ್ಲ, ಸ್ಪಿರಿಟ್ ಇರುವ ಮುಚ್ಚಳದ ಬಾಟಲಿಗೆ ಹಾಕುವುದು ವಾಸಿ. ಗಾಯಕ್ಕೆ ಡೆಟಾಲ್ ಬೇಡ, ಬೀಟಾಡಿನ್ ಸಾಕು. ಕೈಗೆ ಗ್ಲೌಸ್, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ಇರಲಿ.

ಆದರೂ ಮೈಮೇಲಿನ ಉಣ್ಣೆಗೆ ಔಷಧಿಯೇ ಬೇಕು ಅನ್ನುತ್ತೇನೆ, ಯಾಕೆಂದರೆ ಬೆರಳ ಸಂದಿಯ ಮರಿಗಳನ್ನೆಲ್ಲ ಕಿತ್ತು ಮುಗಿಸಿದವರನ್ನು ನಾನು ನೋಡಿಲ್ಲ, ಮತ್ತು ಉಣ್ಣೆ ಕಚ್ಚಿ ಬರುವ ಉಣ್ಣೆ ಜ್ವರದ ಸೂಕ್ಷ್ಮಾಣು ನಾಯಿಯ ಮೈ ಸೇರಲು ಕೆಲವು ಗಂಟೆ ಸಾಕು. ಅಲ್ಲೂ ಆಯ್ಕೆಗಳಿವೆ.

ಕತ್ತಿನ ಹಿಂದೆ ಬಿಡುವ ಫಿಪ್ರೋನಿಲ್ ಡ್ರಾಪ್ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಕೂದಲು ಬಿಡಿಸಿ ಚರ್ಮಕ್ಕೇ ಬೀಳುವ ಹಾಗೆ ಹಾಕಬೇಕು, ಹಿಂದೆ ಮುಂದೆ ಎರಡು ದಿನ ಸ್ನಾನ ಇಲ್ಲ. ಕೂದಲ ಮೇಲೆ ಸುರಿದು "ಕೆಲಸವೇ ಮಾಡಲಿಲ್ಲ" ಅನ್ನುವವರೇ ಜಾಸ್ತಿ. ಮಳೆಯಲ್ಲಿ ನೆನೆಯುವ, ವಾರಕ್ಕೊಮ್ಮೆ ಸ್ನಾನ ಮಾಡುವ ನಾಯಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಅಗಿಯುವ ಮಾತ್ರೆಗಳು, ಅಂದರೆ ನೆಕ್ಸ್‌ಗಾರ್ಡ್, ಸಿಂಪಾರಿಕಾ, ಬ್ರಾವೆಕ್ಟೋ ಥರದವು, ದುಬಾರಿ. ಮೊದಲು ಹೇಳಿದ ಎರಡನ್ನು ತಿಂಗಳಿಗೊಂದರಂತೆ ಕೊಡಬೇಕು, ಬ್ರಾವೆಕ್ಟೋ ಮಾತ್ರೆ ಸುಮಾರು 12 ವಾರ ಬರುತ್ತದೆ. ಸ್ನಾನ, ಮಳೆ ಯಾವುದರ ಚಿಂತೆಯೂ ಇಲ್ಲ. ಉಣ್ಣೆ ಕಚ್ಚಿದ ಮೇಲೆ ಸಾಯುತ್ತದೆ, ಹಾಗಾಗಿ ಒಂದೆರಡು ಕಂಡರೆ ಗಾಬರಿ ಬೇಡ. ಫಿಟ್ಸ್ ಬಂದ ಇತಿಹಾಸ ಇರುವ ನಾಯಿಯಾದರೆ ಕೊಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಕತ್ತಿಗೆ ಕಟ್ಟುವ ಒಳ್ಳೆಯ ಔಷಧಿ ಕಾಲರ್ 8 ತಿಂಗಳವರೆಗೂ ಬರುತ್ತದೆ, ಆದರೆ ನಕಲಿ ಮಾಲು ಇದೆ, ನೂರಿನ್ನೂರು ರೂಪಾಯಿಯ ಕಾಲರ್‌ಗಳಲ್ಲಿ ಬಹಳಷ್ಟು ಬರೀ ಸುವಾಸನೆ. ಚಿಕ್ಕ ಮಕ್ಕಳು ನಾಯಿಯ ಕತ್ತು ಅಪ್ಪಿಕೊಂಡು ಮಲಗುವ ಮನೆಗೆ ನಾನು ಕಾಲರ್‌ಗಿಂತ ಮಾತ್ರೆಯನ್ನೇ ಹೇಳುತ್ತೇನೆ. ಅಮಿಟ್ರಾಜ್ ಅನ್ನುವ ಉಣ್ಣೆ ಔಷಧಿಯನ್ನು ನೀರಿನಲ್ಲಿ ಬೆರೆಸಿ ಮೈಗೆ ಬಳಿಯುವುದು ಹಳೆಯ ಪದ್ಧತಿ. ಅಗ್ಗ, ಆದರೆ ಅಳತೆ ತಪ್ಪಿದರೆ ನಾಯಿ ಮಂಕಾಗಿ ಬೀಳುತ್ತದೆ. ಸಕ್ಕರೆ ಕಾಯಿಲೆ ಇರುವ ನಾಯಿಗೆ ಬೇಡ.

ಇವನ್ನು ಹಚ್ಚಲೇಬೇಡಿ

ಸೀಮೆಎಣ್ಣೆ, ಡೀಸೆಲ್: ಚರ್ಮ ಸುಡುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಹೋಗಬಹುದು. ಕರ್ಪೂರ ಮತ್ತು ನುಸಿಗುಳಿಗೆ: ನಡುಕ, ಫಿಟ್ಸ್ ಬರಬಹುದು. ಹೊಗೆಸೊಪ್ಪಿನ ಕಷಾಯ: ಅದರಲ್ಲಿರುವುದು ನಿಕೋಟಿನ್, ಉಣ್ಣೆಯ ಜೊತೆ ನಾಯಿಗೂ ವಿಷ. ಟೀ ಟ್ರೀ ಎಣ್ಣೆ: "ನ್ಯಾಚುರಲ್" ಅಂತ ಬಾಟಲಿ ಮೇಲೆ ಬರೆದಿರುತ್ತದೆ, ನಾಯಿಗೂ ಬೆಕ್ಕಿಗೂ ಅಪಾಯ. ಸೀತಾಫಲದ ಬೀಜದ ಪುಡಿ: ಕೀಟ ಸಾಯುವುದು ನಿಜ, ಕಣ್ಣಿಗೆ ಬಿದ್ದರೆ ಕಣ್ಣಿಗೂ ಕೇಡು. ಫಿನಾಯಿಲ್ ಹಾಕಿ ಒರೆಸಿದ ನೆಲ ಒಣಗುವ ಮೊದಲು ಬೆಕ್ಕನ್ನು ಬಿಡಬೇಡಿ, ಪಾದ ನೆಕ್ಕುತ್ತದೆ. ಊಟದಲ್ಲಿ ಬೆಳ್ಳುಳ್ಳಿ ಬೆರೆಸಿದರೆ ಉಣ್ಣೆ ಹತ್ತಿರ ಬರಲ್ಲ ಅನ್ನುವ ಮಾತೊಂದಿದೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತವೆ. ಉಣ್ಣೆ ಕುಡಿದು ಉಳಿದ ರಕ್ತಕ್ಕೆ ಇದೊಂದು ಬೇರೆ ಕೇಡು.

ಹಸುವಿನದು ನಾಯಿಗೆ, ನಾಯಿಯದು ಬೆಕ್ಕಿಗೆ

ಈ ಅದಲು ಬದಲಿನಿಂದ ಆಗುವ ಅನಾಹುತ ಮನೆಮದ್ದಿನಿಂದ ಆಗುವುದಕ್ಕಿಂತ ದೊಡ್ಡದು. ನಾಯಿಗೆ ಹಾಕುವ ಕೆಲವು ಡ್ರಾಪ್‌ಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸುವ ಶಕ್ತಿ ಇಲ್ಲ. ಹಾಕಿದ ಕೆಲವೇ ಗಂಟೆಗಳಲ್ಲಿ ಕಿವಿ ಅದುರುತ್ತದೆ, ಮೈ ನಡುಗುತ್ತದೆ, ಆಮೇಲೆ ಫಿಟ್ಸ್. ಅರ್ಧ ಡೋಸ್ ಹಾಕಿದೆ ಅನ್ನುವುದು ಸಮಜಾಯಿಷಿ ಆಗುವುದಿಲ್ಲ. ಬ್ಯುಟಾಕ್ಸ್‌ನಲ್ಲಿರುವ ಡೆಲ್ಟಾಮೆಥ್ರಿನ್ ಅದೇ ಕುಟುಂಬದ್ದು. ಅಮಿಟ್ರಾಜ್ ಸಹ ಬೆಕ್ಕಿಗೆ ಬೇಡ. ಫಿಪ್ರೋನಿಲ್ ಬೆಕ್ಕಿಗೆ ಆಗುತ್ತದೆ, ಬೆಕ್ಕಿನದೇ ಪ್ಯಾಕ್ ತರಬೇಕು. ಅದೇ ಫಿಪ್ರೋನಿಲ್ ಮೊಲಕ್ಕೆ ವಿಷ.

ನಾಯಿ ಬೆಕ್ಕಿನ ಮರಿಗಳಿದ್ದರೆ ಪ್ಯಾಕಿನ ಮೇಲೆ ವಯಸ್ಸು, ತೂಕ ನೋಡಿ. ತೀರಾ ಎಳೆಯ ಮರಿಗೆ ಸೀರಣಿಗೆ, ಉಗುರುಬೆಚ್ಚನೆ ನೀರು, ಬೇಬಿ ಶಾಂಪೂ, ಆಮೇಲೆ ಚೆನ್ನಾಗಿ ಒರೆಸಿ ಬೆಚ್ಚಗೆ ಇಡುವುದು, ಇಷ್ಟೇ. ಒಸಡು ಬಿಳುಚಿಕೊಂಡಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಚಿಗಟ ರಕ್ತ ಹೀರಿಯೇ ಮರಿಗಳು ಸಾಯುತ್ತವೆ.

ದನಗಳಿಗಾದರೆ ಮನೆಮದ್ದಿನ ಕಡೆಗೆ ನಾನು ಜಾಸ್ತಿ ವಾಲುತ್ತೇನೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಹೈನುಗಾರರಿಗೆ ಹೇಳಿಕೊಡುವ ಒಂದು ಮಿಶ್ರಣ ಇದೆ. ಬೆಳ್ಳುಳ್ಳಿ ಎಸಳು 10, ಬೇವಿನ ಸೊಪ್ಪು ಒಂದು ಹಿಡಿ, ಬೇವಿನ ಹಣ್ಣು ಒಂದು ಹಿಡಿ, ಬಜೆ 10 ಗ್ರಾಂ, ಅರಿಶಿನ 20 ಗ್ರಾಂ, ಲಂಟಾನ ಸೊಪ್ಪು ಒಂದು ಹಿಡಿ, ತುಳಸಿ ಒಂದು ಹಿಡಿ. ಎಲ್ಲ ರುಬ್ಬಿ ಒಂದು ಲೀಟರ್ ನೀರು ಸೇರಿಸಿ ಸೋಸಿ ಹಸುವಿನ ಮೈಗೂ, ಕೊಟ್ಟಿಗೆಯ ಬಿರುಕುಗಳಿಗೂ ಸಿಂಪಡಿಸುವುದು, ವಾರಕ್ಕೊಮ್ಮೆ. ಡೆಲ್ಟಾಮೆಥ್ರಿನ್‌ಗೆ ಬಗ್ಗದ ಉಣ್ಣೆಗಳು ನಮ್ಮ ದೇಶದಲ್ಲಿ ಈಗಾಗಲೇ ಇವೆ, ಹಾಲು ಕರೆಯುವ ಹಸುವಿಗೆ ರಾಸಾಯನಿಕದ ಚಿಂತೆಯೂ ಇದೆ, ಹಾಗಾಗಿ ಇದು ಮಾಡಿ ನೋಡುವಂಥದ್ದು. ಇದೇ ನೀರನ್ನು ನಾಯಿಗೂ ಹೊಡೆಯೋಣ ಅಂದರೆ ಬೇಡ. ಬೆಳ್ಳುಳ್ಳಿಯೂ ಲಂಟಾನವೂ ಅದರಲ್ಲಿವೆ, ನಾಯಿ ಮೈ ನೆಕ್ಕುತ್ತದೆ.

ಮನೆಯೊಳಗೆ

ಮನೆಮದ್ದಿಗೆ ಇಲ್ಲಿ ಪೂರ್ತಿ ಅಂಕ. ನಾಯಿ ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವಷ್ಟು ಬಿಸಿ ನೀರಲ್ಲಿ ನೆನೆಸಿ ಒಗೆಯಿರಿ, ನಡು ಮಧ್ಯಾಹ್ನದ ಬಿಸಿಲಲ್ಲಿ ಒಣಗಿಸಿ. ಗೋಣಿಚೀಲ ಹಾಸುವವರಿದ್ದೀರಿ, ಅದನ್ನು ಬಿಡಿ. ಅದರ ನೇಯ್ಗೆಯ ಕಣ್ಣುಗಳಲ್ಲಿ ಉಣ್ಣೆ ಮರಿ ಕೂತರೆ ಕಾಣುವುದೂ ಇಲ್ಲ, ಒಗೆದರೆ ಹೋಗುವುದೂ ಇಲ್ಲ. ಹಳೆಯ ಕಾಟನ್ ಸೀರೆ ಮಡಚಿ ಹಾಸಿದರೆ ಒಗೆಯಲು ಸುಲಭ.

ಗುಡಿಸುವುದಕ್ಕಿಂತ ವ್ಯಾಕ್ಯೂಮ್ ಮೇಲು. ಚಿಗಟದ ಗೂಡು ಯಾವ ಸ್ಪ್ರೇಗೂ ಬಗ್ಗುವುದಿಲ್ಲ. ನೆಲ ಅದುರಿದಾಗ, ಬಿಸಿ ತಾಗಿದಾಗ ಒಳಗಿರುವುದು ಹೊರಗೆ ಬರುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಮೊಣಕಾಲ ತನಕ ಚಿಗಟ ಹತ್ತುವುದು ಇದಕ್ಕೇ. ವ್ಯಾಕ್ಯೂಮಿನ ಅದುರುವಿಕೆ ಅವನ್ನು ಎಬ್ಬಿಸುತ್ತದೆ, ಎದ್ದವನ್ನು ಎಳೆದುಕೊಳ್ಳುತ್ತದೆ. ಕಸ ತುಂಬಿದ ಚೀಲವನ್ನು ಆಗಲೇ ಕಟ್ಟಿ ಹೊರಗೆ ಹಾಕಿ. ರಾತ್ರಿ ದೀಪದ ಕೆಳಗೆ ಸೋಪಿನ ನೀರಿನ ತಟ್ಟೆ ಇಡುವ ಉಪಾಯವೂ ಸುಳ್ಳಲ್ಲ, ಬೆಳಿಗ್ಗೆ ಕೆಲವು ಬಿದ್ದಿರುತ್ತವೆ. ಆದರೆ ಅದರಿಂದ ಚಿಗಟ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಮುಗಿಯುವುದಿಲ್ಲ.

ಉಪ್ಪು, ಅಡುಗೆ ಸೋಡಾ ಉದುರಿಸಿದರೆ ಮರಿಹುಳು ಒಣಗಿ ಸಾಯುತ್ತದೆ ಅನ್ನುತ್ತಾರೆ. ಮಂಗಳೂರು, ಕಾರವಾರದ ಕಡೆ ಜುಲೈನಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರಾಗಿ ಕೂತಿರುತ್ತದೆ, ಅದು ಯಾರನ್ನು ಒಣಗಿಸೀತು? ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಉಪ್ಪಿಗಿಂತ ಎಷ್ಟೋ ವಾಸಿ, ಮರಿಹುಳು ಅದನ್ನು ತಿಂದು ಸಾಯುತ್ತದೆ. ಆದರೆ ಮಕ್ಕಳು, ನಾಯಿ ಬೆಕ್ಕು ನೆಕ್ಕಲಾಗದ ಸಂದಿಗಳಿಗೆ ಮಾತ್ರ. ಆನ್‌ಲೈನಲ್ಲಿ ಸಿಗುವ ಡಯಾಟಮೇಶಿಯಸ್ ಅರ್ತ್ ಪುಡಿ ಒಣ ಜಾಗದಲ್ಲಿ ಕೆಲಸ ಮಾಡುತ್ತದೆ, ಒದ್ದೆಯಾದರೆ ದಂಡ, ಮತ್ತು ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಉಣ್ಣೆಗೆ ಪುಡಿಗಳಿಗಿಂತ ಗಾರೆ ಕೆಲಸ ಮೇಲು. ಸೀಳಿಕೊಂಡ ಗೋಡೆ, ಟೈಲ್ಸ್ ಅಂಚು, ಬಾಗಿಲ ಚೌಕಟ್ಟಿನ ಸಂದಿ ಎಲ್ಲಕ್ಕೂ ವೈಟ್ ಸಿಮೆಂಟ್ ತುಂಬಿ. ನಾಯಿ ಗೂಡು, ಕೊಟ್ಟಿಗೆಗೆ ಸುಣ್ಣ ಬಳಿಯಿರಿ, ಪೂರ್ತಿ ಒಣಗುವ ತನಕ ಪ್ರಾಣಿಯನ್ನು ಒಳಗೆ ಬಿಡಬೇಡಿ. ಬೇವಿನ ಹೊಗೆ ಹಾಕಿದರೆ ಸೊಳ್ಳೆ, ನೊಣ ದೂರ ಹೋಗುತ್ತವೆ, ಬಿರುಕಿನ ಉಣ್ಣೆ ಜಾಗ ಬಿಟ್ಟು ಕದಲುವುದಿಲ್ಲ. ಹಗಲಲ್ಲೇ ಗೋಡೆ ಮೇಲೆ ಉಣ್ಣೆ ಹರಿದಾಡುವ ಮಟ್ಟಕ್ಕೆ ಬಂದಿದ್ದರೆ ಇದ್ಯಾವುದೂ ಸಾಲದು, ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ. ಒಂದು ಸಲಕ್ಕೆ ಮುಗಿಯಲ್ಲ, ಮೊಟ್ಟೆ ಒಡೆದ ಮೇಲೆ ಇನ್ನೊಮ್ಮೆ ಬರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಅಂಗಳ, ತೋಟ

ಮೊದಲ ಆಯ್ಕೆ ಕತ್ತಿ. ಹುಲ್ಲು ಸವರಿ, ಗೋಡೆಗೆ ಒತ್ತಿದ ಪೊದೆ ತೆಗೆಯಿರಿ, ಬಿಸಿಲು ನೆಲಕ್ಕೆ ಬೀಳಲಿ. ಚಿಗಟದ ಮರಿಗೆ ನೆರಳೂ ತೇವವೂ ಬೇಕು, ಒಣ ಬಿಸಿಲು ತಡೆಯುವುದಿಲ್ಲ. ಜಗಲಿ ಕೆಳಗಿನ ಮೆತ್ತನೆ ಮಣ್ಣು, ನಾಯಿ ಗುಂಡಿ ತೋಡಿ ಮಲಗುವ ಜಾಗ, ಹಳೆ ಇಟ್ಟಿಗೆ ರಾಶಿ, ಇವು ಮೂರನ್ನು ಸರಿ ಮಾಡಿದರೆ ಅರ್ಧ ಕೆಲಸ ಆದಂತೆ. ಬೇವಿನ ಹಿಂಡಿ ಮಣ್ಣಿಗೆ ಬೆರೆಸಿ, ಗಿಡಕ್ಕೂ ಗೊಬ್ಬರ. ಉಪ್ಪು ಚೆಲ್ಲಬೇಡಿ, ಗಿಡ ಸಾಯುತ್ತದೆ.

ಕೋಳಿಗಳು ಉಣ್ಣೆ ಹೆಕ್ಕಿ ತಿನ್ನುವುದು ನಿಜ. ಹಸು ಮಲಗಿದ್ದಾಗ ಅದರ ಹೊಟ್ಟೆ ಕೆಳಗಿನವನ್ನೂ ಕೀಳುತ್ತವೆ. ಇರುವ ಕೋಳಿಗಳನ್ನು ಬಿಡಿ, ಉಣ್ಣೆಗೋಸ್ಕರವೇ ಕೋಳಿ ಸಾಕಬೇಡಿ. ಅವು ಗೋಡೆಯ ಬಿರುಕಿಗೆ ಹೋಗುವುದಿಲ್ಲ. ಕೀಟನಾಶಕ ಹೊಡೆದ ಅಂಗಳಕ್ಕೆ ಅವನ್ನು ಬಿಡಲೂಬಾರದು, ಉಳಿದ ನೀರನ್ನು ಹಳ್ಳಕ್ಕೋ ಬಾವಿ ಕಟ್ಟೆಗೋ ಚೆಲ್ಲಲೂಬಾರದು. ಡೆಲ್ಟಾಮೆಥ್ರಿನ್ ಮೀನಿಗೆ ಘೋರ ವಿಷ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನವರ ಲೆಕ್ಕವೇ ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದಲೇ ಬರುವುದು. ಅದು ನಾಯಿಯ ಕಂದು ಉಣ್ಣೆ ಅಲ್ಲ, ಕಾಡಿನ ಬೇರೆ ಜಾತಿ. ಮಳೆ ಮುಗಿದು ಬೇಸಿಗೆ ತನಕ ಅದರ ಮರಿಗಳು ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ ತುಂಬಿರುತ್ತವೆ. ಆ ದಿನಗಳಲ್ಲಿ ಕೊಟ್ಟಿಗೆಗೆ ದರಗು ತರಲು ಹೋಗುವವರು ಬೇವು, ವಿನೆಗರ್ ಅಂತ ಕೂರಬಾರದು. ಆರೋಗ್ಯ ಇಲಾಖೆ ಕೊಡುವ, ಉಣುಗು ದೂರ ಇಡುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ, ಉದ್ದ ತೋಳಿನ ಬಟ್ಟೆ ಹಾಕಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸೋಪಿನ ಸ್ನಾನ ಮಾಡಿ. ಕಾಡಿಗೆ ಜೊತೆಗೆ ಬಂದ ನಾಯಿಯನ್ನು ಒಳಗೆ ಬಿಡುವ ಮೊದಲು ಅಂಗಳದಲ್ಲೇ ನೋಡಿ. ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಇಲಾಖೆಗೆ ತಿಳಿಸಿ.

ಹಾಗಾದರೆ ಯಾರಿಗೆ ಯಾವುದು?

ಬೆಂಗಳೂರಿನ ಫ್ಲಾಟಿನಲ್ಲಿ ಒಂದೇ ನಾಯಿ, ವಾಕಿಂಗ್ ಬಿಟ್ಟರೆ ಹೊರಗೆ ಹೋಗುವುದಿಲ್ಲ ಅಂದರೆ ತಿಂಗಳ ಮಾತ್ರೆ, ಬಿಸಿನೀರಲ್ಲಿ ಒಗೆತ, ವ್ಯಾಕ್ಯೂಮ್. ಇಷ್ಟು ಸಾಕು. ಬೇವಿನ ಸ್ನಾನ ಇಷ್ಟವಿದ್ದರೆ ಮಾಡಿಸಿ. ಅಂಗಳ ಇರುವ ಮನೆ, ಬೀದಿ ನಾಯಿಗಳೂ ಬಂದು ಹೋಗುತ್ತವೆ ಅಂದರೆ ಮಾತ್ರೆಯ ಜೊತೆ ಗಾರೆ ಕೆಲಸ ಮತ್ತು ಹುಲ್ಲು ಸವರುವುದು ತಪ್ಪಿದ್ದಲ್ಲ. ಎರಡು ಮೂರು ನಾಯಿ ಇದ್ದರೆ ಎಲ್ಲಕ್ಕೂ ಒಂದೇ ದಿನ ಔಷಧಿ ಆಗಬೇಕು. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಶಾಂಪೂ, ಸ್ಪ್ರೇ, ಪೌಡರ್ ಅಂತ ಚಿಲ್ಲರೆ ಖರ್ಚು ಮಾಡಬೇಡಿ. ಆ ದುಡ್ಡು ಸೇರಿಸಿದರೆ ಒಂದು ಮಾತ್ರೆ ಬರುತ್ತದೆ. ಸರ್ಕಾರಿ ಪಶು ಆಸ್ಪತ್ರೆಯಲ್ಲೂ ಒಮ್ಮೆ ಕೇಳಿ. ಬರೀ ಚಿಗಟ, ಅದೂ ಸ್ವಲ್ಪ ಅಂದರೆ ಔಷಧಿ ಇಲ್ಲದೆ ಸೀರಣಿಗೆ, ಸ್ನಾನ, ಒಗೆತದಲ್ಲಿ ಗೆಲ್ಲಬಹುದು, ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಚಿಗಟ ನುಂಗಿದ ನಾಯಿ ಬೆಕ್ಕಿಗೆ ಲಾಡಿಹುಳ ಆಗುತ್ತದೆ, ಹಾಗಾಗಿ ಜಂತುಹುಳದ ಔಷಧಿ ಯಾವುದು ಅಂತ ಡಾಕ್ಟರನ್ನು ಕೇಳಿ ಹಾಕಿಸಿ.

ಉಣ್ಣೆ ಎಲ್ಲ ಹೋಯಿತು, ಮೈ ಚೊಕ್ಕಟವಾಗಿದೆ, ಆದರೂ ನಾಯಿ ಊಟ ಬಿಟ್ಟಿದೆ, ಜ್ವರ ಇದೆ, ಒಸಡು ಬಿಳುಚಿದೆ, ಮೂಗಿನಲ್ಲಿ ರಕ್ತ ಬರುತ್ತಿದೆ ಅಥವಾ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆ ಅಂದರೆ ಅದು ಉಣ್ಣೆ ಜ್ವರ ಇರಬಹುದು. ಕಚ್ಚಿ ವಾರಗಳಾದ ಮೇಲೂ ಬರುತ್ತದೆ. ಅವತ್ತೇ ಕರೆದುಕೊಂಡು ಹೋಗಿ, ಉಣ್ಣೆ ಇತ್ತು ಅಂತ ಮರೆಯದೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಕೊಟ್ಟ ಮಾತ್ರೆಗಳನ್ನು, ನಾಯಿ ಎರಡನೇ ದಿನಕ್ಕೇ ಚುರುಕಾಗಿ ಓಡಾಡಿದರೂ, ಡಾಕ್ಟರು ಹೇಳಿದಷ್ಟು ದಿನ ಪೂರ್ತಿ ಹಾಕಿ.